ಬೆಳಗಿನ ಜಾವದ ಪಾಠ: ಪಂಡಿತಾ ರಮಾಬಾಯಿ ಬೆಳೆದ ಮನೆ

ಕಳೆದ ವಾರ ತಿಮೊಥೆಯನ ಅಜ್ಜಿ ಲೋವಿ, ತಾಯಿ ಯೂನಿಕೆ ಬಗ್ಗೆ ಧ್ಯಾನ ಮಾಡಿದ್ವಿ. ಈ ದಿನ ನಮ್ಮ ಮಲೆನಾಡಲ್ಲೇ ಹುಟ್ಟಿದ ಒಬ್ಬ ಮಗಳ ವಿಷಯ. ಪಂಡಿತಾ ರಮಾಬಾಯಿ. ಮುಕ್ತಿ ಮಿಷನ್, 1905ರ ಉಜ್ಜೀವನ, ಇದೆಲ್ಲ ನಿಮಗೆ ಗೊತ್ತು. ಬೈಬಲ್ ಕಾಲೇಜಲ್ಲಿ ನಾನೂ ಅಷ್ಟನ್ನೇ ಪರೀಕ್ಷೆಗೆ ಓದಿದ್ದೆ. ಆಕೆಯ ಅಪ್ಪ ಅಮ್ಮನ ಬಗ್ಗೆ ಓದಿದ್ದು ನಾನು ಅಪ್ಪ ಆದ ಮೇಲೆ.

ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರ ಮಾಳದ ಕಡೆಯವರು, ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೂ ಸಂಸ್ಕೃತ ಕಲಿಸಿದರು. ಹೆಂಗಸಿಗೆ ಸಂಸ್ಕೃತವಾ ಅಂತ ಸುತ್ತಲಿನವರು ತಿರುಗಿಬಿದ್ದರು. ಅವರು ಕಲಿಸೋದು ಬಿಡಲಿಲ್ಲ, ಊರನ್ನೇ ಬಿಟ್ಟರು. ಗಂಗಾಮೂಲದ ಕಾಡಲ್ಲಿ ಮನೆ ಕಟ್ಟಿದರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋ ಜಾಗ ಅದು. ಅಲ್ಲಿ 1858ರಲ್ಲಿ ರಮಾ ಹುಟ್ಟಿದಳು.

ಆರು ತಿಂಗಳಾಗುವಷ್ಟರಲ್ಲಿ ಆ ಮನೆಯೂ ಹೋಯಿತು. ಹಣ ಮುಗಿದಿತ್ತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು, ಆಳಿನ ತಲೆ ಮೇಲೆ ಹೊರಿಸಿ ಘಟ್ಟ ಇಳಿದರು. ಆಮೇಲೆ ವರ್ಷಗಟ್ಟಲೆ ತೀರ್ಥಯಾತ್ರೆ, ದೇವಸ್ಥಾನಗಳಲ್ಲಿ ಪುರಾಣ ಓದೋದು, ಜನ ಕೊಟ್ಟಿದ್ದರಲ್ಲಿ ಊಟ. ನಾವು ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಿಸಿ, ಮಕ್ಕಳಿಗೆ ಒಂದು ಶಿಸ್ತು ಕಲಿಸಕ್ಕೆ ಆಗ್ತಿಲ್ಲ ಅಂತೀವಲ್ಲ, ಅವರಿಗೆ ಬಾಡಿಗೆ ಮನೆಯೂ ಇರಲಿಲ್ಲ.

ಆದರೆ ಬೆಳಗಿನ ಜಾವ ಇತ್ತು. ತಂದೆಗೆ ವಯಸ್ಸಾಗಿತ್ತು, ಕಲಿಸೋ ಭಾರ ತಾಯಿ ಮೇಲೆ. ಹಗಲೆಲ್ಲ ಅಡುಗೆ, ಅತಿಥಿಗಳು. ಅದಕ್ಕೆ ಹಕ್ಕಿ ಕೂಗೋ ಹೊತ್ತಿಗೆ ಎಂಟು ವರ್ಷದ ಮಗಳನ್ನು ಮಡಿಲಿಗೆ ಎಳಕೊಂಡು, ಮುದ್ದು ಮಾಡುತ್ತಾ ಎಬ್ಬಿಸುತ್ತಿದ್ದರು. ಬೈದು ಅಲ್ಲ, ಗಮನಿಸಿ. ಮುಖ ತೊಳೆದ ಮೇಲೆ ಪಾಠ, ಬೆಳಗಾಗೋ ತನಕ. ಪುಸ್ತಕಕ್ಕಿಂತ ಬಾಯಿಂದ ಕಿವಿಗೆ. ಭಾಗವತದ 18,000 ಶ್ಲೋಕ ಆಕೆಗೆ ಬಾಯಿಪಾಠವಾಗಿತ್ತು ಅಂತ ಚರಿತ್ರೆಕಾರರು ಬರೆಯುತ್ತಾರೆ.

ಇವರು ತಪ್ಪೇ ಮಾಡದ ಅಪ್ಪ ಅಮ್ಮ ಅಲ್ಲ. ದೊಡ್ಡ ಮಗಳು ಕೃಷ್ಣಾಬಾಯಿಗೆ ಬಾಲ್ಯದಲ್ಲೇ ಮದುವೆ ಮಾಡಿದರು, ಅದು ಅವಳಿಗೆ ಕಷ್ಟವನ್ನೇ ತಂತು. ರಮಾಳ ವಿಷಯದಲ್ಲಿ ಆ ಆತುರ ಬೇಡ ಅಂತ ನಿಂತರು, ಆ ಕಾಲದ ಬ್ರಾಹ್ಮಣ ಕುಟುಂಬದಲ್ಲಿ! ಒಂದು ಮಗುವಿನ ವಿಷಯದಲ್ಲಿ ಸೋತವರು ಇನ್ನೊಂದರಲ್ಲಿ ತಿದ್ದಿಕೊಂಡದ್ದು ನನಗೆ ದೊಡ್ಡ ಸಮಾಧಾನ.

1874ರ ಬರದಲ್ಲಿ ತಂದೆ ಹೋದರು, ಬೆನ್ನಲ್ಲೇ ತಾಯಿ. ಶವ ಹೊರಲು ಜನ ಸಾಲಲಿಲ್ಲ. ಹದಿನಾರರ ರಮಾ ಅಣ್ಣ ಶ್ರೀನಿವಾಸನ ಜೊತೆ ಚಟ್ಟಕ್ಕೆ ಹೆಗಲು ಕೊಡಲು ಹೋದಳು. ಕುಳ್ಳಗಿದ್ದರಿಂದ ತಲೆ ಮೇಲೆ ಹೊರಬೇಕಾಯಿತು. ನಾಲ್ಕೇ ವರ್ಷದಲ್ಲಿ, 1878ರಲ್ಲಿ, ಕಲ್ಕತ್ತೆಯ ವಿದ್ವಾಂಸರು ಅದೇ ಹುಡುಗಿಗೆ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. ಮುಂದೆ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ, ಕೇಡಗಾಂವಿನ ಮುಕ್ತಿ, ಬರಗಾಲದಲ್ಲಿ ಬಿದ್ದ ನೂರಾರು ಹೆಣ್ಣುಮಕ್ಕಳಿಗೆ ಆಸರೆ. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದಳು. ಲಕ್ಷ್ಮೀಬಾಯಿಗೆ ಸತ್ಯವೇದ ಗೊತ್ತಿರಲಿಲ್ಲ. ಆದರೂ ಕರ್ತನು ಆ ಮಡಿಲನ್ನು ಉಪಯೋಗಿಸಿಕೊಂಡನು ಅಂತ ನಾನು ನಂಬುತ್ತೇನೆ.

ಸೇವೆಯಲ್ಲಿರೋರಿಗೆ ಇನ್ನೊಂದು ಮಾತು, ಮೊದಲು ನನಗೇ. ರಮಾಬಾಯಿಯ ಮಗಳು ಮನೋರಮಾ ಚಿಕ್ಕವಳಿದ್ದಾಗ ಕೆಲಕಾಲ ತಾಯಿಯಿಂದ ದೂರ, ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರ ಹತ್ತಿರ ಬೆಳೆದಳು. ದೊಡ್ಡವಳಾಗಿ ಮುಕ್ತಿಯ ಕೆಲಸಕ್ಕೆ ಬಲಗೈ ಆದಳು, ನಿಜ. ಆದರೆ ಆ ದಿನಗಳನ್ನು ಓದುವಾಗ ನನ್ನ ಮಗಳು ನೆನಪಾಗುತ್ತಾಳೆ. ಪ್ರಸಂಗ ತಯಾರಿ ಅಂತ ನಾನು ಲ್ಯಾಪ್‌ಟಾಪ್ ಮುಂದೆ ಕೂತು, ಅವಳು ಸುಮ್ಮನಿರಲಿ ಅಂತ ಕೈಗೆ ಫೋನ್ ಕೊಡ್ತೀನಿ. ಈ ಪ್ರಸಂಗ ಬರೆಯುವಾಗಲೂ ಕೊಟ್ಟೆ.

ಈಗ ಪ್ರೇಯರ್‌ಗೆ ಎದ್ದು ನಿಲ್ಲೋಣ. ಸಂಡೇ ಸ್ಕೂಲ್ ಮಕ್ಕಳು ಬಂದಿದ್ದರೆ ಹತ್ತಿರ ಕರಕೊಳ್ಳಿ.