ಗದಾಪರ್ವದ ಆಚೆ

ನಾನು ಬಿ.ಕಾಂ. ಹುಡುಗ. ಗದಗಿನಲ್ಲಿ ಕನ್ನಡ ಶಾಲೆ ಮುಗಿಸಿ ಬಂದು, ಈಗ ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಕಾಕಾನ ಮನೆಯಲ್ಲಿದ್ದೇನೆ. ಜಮಾ-ಖರ್ಚು ಬರೆಯುವವನಿಗೆ ಕಾವ್ಯದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ನಮ್ಮ ಪಕ್ಕದ ಮನೆಯ ಕಾಶಿ ಕಡೆಯ ಯಜಮಾನರು. ಅವರು ದೇವಕೀನಂದನ ಖತ್ರಿಯ ಮಾಯಾಜಾಲದ ಕಾದಂಬರಿಗಳ ಹುಚ್ಚರು. 1913ರಲ್ಲಿ ಖತ್ರಿ ತೀರಿಕೊಂಡಾಗ ‘ಭೂತನಾಥ’ ಅರ್ಧಕ್ಕೇ ನಿಂತಿತ್ತಂತೆ. ಮಗ ದುರ್ಗಾಪ್ರಸಾದ ಅದನ್ನು ಮುಗಿಸಿದನಂತೆ. ನಿಮ್ಮ ಭಾಷೆಯಲ್ಲಿ ಇಂಥಾದ್ದು ಉಂಟೋ ಅಂತ ಕೇಳಿದರು. ನನಗೆ ಥಟ್ಟನೆ ನೆನಪಾದವನು ನಮ್ಮೂರಿನ ನಾರಣಪ್ಪ.

ಕುಮಾರವ್ಯಾಸ ಅಂತ ನಾವೆಲ್ಲ ಪಾಠದಲ್ಲಿ ಓದಿದ್ದು ಈ ನಾರಣಪ್ಪನನ್ನೇ. ಹುಬ್ಬಳ್ಳಿ ಕಡೆಯ ಕೋಳಿವಾಡದ ಮನೆತನ. ಕಾಲ ಸುಮಾರು 1430 ಅಂತ ಬಹಳ ಜನ ವಿದ್ವಾಂಸರು ಹೇಳುತ್ತಾರೆ. ಗದಗಿನ ವೀರನಾರಾಯಣನ ಗುಡಿಯಲ್ಲಿ ಒಂದು ಕಂಬವಿದೆ. ಅದಕ್ಕೆ ಒರಗಿ ಕೂತೇ ಅವನು ಭಾರತ ಬರೆದನೆಂದು ಊರವರ ನಂಬಿಕೆ. ಮಿಂದು ಬಂದ ಒದ್ದೆ ಪಂಚೆ ಆರುವವರೆಗೆ ಮಾತ್ರ ಪದ್ಯ ಬರುತ್ತಿತ್ತಂತೆ. ನಾನೂ ಆ ಕಂಬಕ್ಕೆ ಒರಗಿ ಕೂತಿದ್ದೇನೆ, ಪರೀಕ್ಷೆಯ ಹಿಂದಿನ ದಿನ! ಏನೂ ಬರಲಿಲ್ಲ. ಅವನಿಗೆ ದೊರೆಯ ಹಂಗು ಇರಲಿಲ್ಲ. ಕಾವ್ಯ ಹೇಳಿದವನು ವೀರನಾರಾಯಣ, ತಾನು ಬರೇ ಬರೆದುಕೊಂಡವನು ಎಂದುಕೊಂಡ ಮನುಷ್ಯ. ಬರೆದದ್ದನ್ನು ಅಳಿಸಿ ತಿದ್ದುವ ಅಭ್ಯಾಸವೂ ತನಗಿಲ್ಲ ಎಂದು ಹೆಮ್ಮೆಪಟ್ಟವನು.

ಆದರೆ ಹದಿನೆಂಟು ಪರ್ವಗಳಲ್ಲಿ ಅವನು ಬರೆದದ್ದು ಹತ್ತೇ. ಗದಾಪರ್ವಕ್ಕೆ ಲೇಖನಿ ನಿಂತಿತು. ಯಾಕೆ? ನಮ್ಮಜ್ಜ ಹೇಳುತ್ತಿದ್ದ ಕತೆ ಹೀಗಿದೆ: ಭಾರತವನ್ನು ಅವನಿಗೆ ಗುಟ್ಟಾಗಿ ಹೇಳುತ್ತಿದ್ದವನು ಚಿರಂಜೀವಿ ಅಶ್ವತ್ಥಾಮ, ಗುಟ್ಟು ಹೆಂಡತಿಯ ಕಿವಿಗೆ ಬಿದ್ದ ದಿನ ಅವನು ಮತ್ತೆ ಬರಲಿಲ್ಲ. (ತಪ್ಪನ್ನೆಲ್ಲ ಹೆಂಡತಿಯ ತಲೆಗೆ ಕಟ್ಟೋದು ಹಳೇ ರೂಢಿ ಅಂತ ನಮ್ಮ ಅಜ್ಜಿ ಅಲ್ಲೇ ಗೊಣಗುತ್ತಿದ್ದಳು.) ನನಗನ್ನಿಸೋದು ಬೇರೆ. ಯುದ್ಧ ಮುಗಿಯಿತು, ಧರ್ಮರಾಯನಿಗೆ ಪಟ್ಟವಾಯಿತು. ಇನ್ನು ಕೃಷ್ಣನ ಸಾವನ್ನು ಬರೆಯಬೇಕು. ಅದಕ್ಕೆ ಅವನ ಕೈ ಏಳಲಿಲ್ಲವೇನೋ.

ಆ ಕೆಲಸ ತಿಮ್ಮಣ್ಣ ಕವಿಯ ಪಾಲಿಗೆ ಬಂತು. ವಿಜಯನಗರದಲ್ಲಿ 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಆಸ್ಥಾನದವನು ಈತ. ದೊರೆಯ ಅಪ್ಪಣೆಯಂತೆ ಉಳಿದ ಪರ್ವಗಳನ್ನು ಷಟ್ಪದಿಯಲ್ಲೇ ಮುಗಿಸಿದ. ಲೆಕ್ಕದ ಪುಸ್ತಕದಲ್ಲಿ ಹಿಂದಿನ ಪುಟದ ಬಾಕಿಯನ್ನು ಹೊಸ ಪುಟದ ತಲೆಗೆ ಬರೆದುಕೊಂಡು ಶುರು ಮಾಡುತ್ತೀವಲ್ಲ, ಹಾಗೆ. ಆದರೆ ಇವನಿಗೆ ಸಿಕ್ಕ ಬಾಕಿ ಎಂಥಾದ್ದು! ವೀರರೆಲ್ಲ ಸತ್ತಿದ್ದಾರೆ, ಜಗಳ ತೀರಿದೆ. ಉಳಿದದ್ದು ಭೀಷ್ಮನ ಉಪದೇಶ, ಮುದುಕರ ವನವಾಸ, ಯಾದವರ ಹೊಡೆದಾಟ, ಹಿಮಾಲಯದ ದಾರಿಯಲ್ಲಿ ಒಬ್ಬೊಬ್ಬರಾಗಿ ಬೀಳೋದು. ಮೇಲಾಗಿ ಕೃತಿಗೆ ದೊರೆಯ ಹೆಸರು: ಕೃಷ್ಣರಾಯ ಭಾರತ. ಕುಮಾರವ್ಯಾಸನ ಪಕ್ಕದಲ್ಲಿಟ್ಟರೆ ತಿಮ್ಮಣ್ಣ ಮಂಕಾಗುತ್ತಾನೆ, ನಾನೂ ಒಪ್ಪುತ್ತೇನೆ. ಆದರೂ ತೆಲುಗಿನವರನ್ನು ನೋಡಿ. ನನ್ನಯ್ಯ ಅರಣ್ಯಪರ್ವದ ನಡುವೆ ಬಿಟ್ಟದ್ದನ್ನು ತಿಕ್ಕನ ವಿರಾಟಪರ್ವದಿಂದ ಮುಂದುವರಿಸಿದ. ನಡುವೆ ಉಳಿದ ಸಂದನ್ನು ಎರ್ರನ ತುಂಬಿದ. ಮೂವರನ್ನೂ ಸೇರಿಸಿ ಕವಿತ್ರಯ ಅಂತ ಕೈಮುಗಿಯುತ್ತಾರೆ. ನಮ್ಮ ತಿಮ್ಮಣ್ಣನಿಗೆ ಪಠ್ಯದಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು.

ಅಜ್ಜ ಪ್ರತಿ ವರ್ಷ ಭಾರತ ವಾಚನ ಮಾಡಿ ಪಟ್ಟಾಭಿಷೇಕಕ್ಕೆ ಮಂಗಳ ಹಾಡಿಬಿಡುತ್ತಿದ್ದ. ಆಮೇಲಿನದು ಮನೆಯಲ್ಲಿ ಓದಬಾರದು ಎನ್ನುತ್ತಿದ್ದ. ಹೋದ ವರ್ಷ ಅವನೂ ಹೋದ. ಪರಿಚಯದವರ ಮನೆಯಿಂದ ತಿಮ್ಮಣ್ಣನನ್ನು ತಂದಿದ್ದೇನೆ. ರಾತ್ರಿ ಊಟವಾದ ಮೇಲೆ ಗಟ್ಟಿಯಾಗಿ ಓದುತ್ತೇನೆ. ಅಜ್ಜನ ರಾಗ ನನಗೆ ಬರೋದಿಲ್ಲ. ಮೊದಲ ದಿನ ಕಾಕಾ ಎದ್ದು ಹೋದ. ನಿನ್ನೆ ಟಿ.ವಿ. ಆರಿಸಿ ಬಂದು ಕೂತ, ಎರಡು ಕಡೆ ನನ್ನ ಉಚ್ಚಾರ ತಿದ್ದಿದ.