ಅಳೆದು ಒಪ್ಪಿಕೊಂಡ ಎಂಜಿನಿಯರ್: ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಕಾಲೇಜುಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ. ಭಾಷಣದಲ್ಲಿ ರೈಲು ಹಳಿಯ ಶಬ್ದ ಕೇಳಿ ಚೈನ್ ಎಳೆದ ಕತೆ ಬರುತ್ತೆ, ಎರಡು ಮೇಣದಬತ್ತಿಯ ಕತೆಯೂ ಬರುತ್ತೆ. ಆ ಕತೆಗಳು ನಡೆದಿರಲಿ, ಬಿಡಲಿ, ಅವರು ಎಂಜಿನಿಯರ್ ಆಗಿ ಏನು ಮಾಡಿದರು ಅನ್ನೋದು ಅವುಗಳಿಂದ ಗೊತ್ತಾಗಲ್ಲ. ಆದ್ದರಿಂದ ಈ ಸಲ ಅವರ ಜೀವನವನ್ನು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಓದೋಣ. ಸರ್ಕಾರದ ದುಡ್ಡಿನಲ್ಲಿ ಕೆಲಸ ಮಾಡಿಸುವಾಗ ಕಂಟ್ರಾಕ್ಟರ್ ನಮಗೆ ಏನನ್ನು ಒಪ್ಪಿಸಬೇಕು? ಅದು ಸರಿಯಿದೆ ಅಂತ ಯಾರು, ಯಾವ ಅಳತೆ ಹಿಡಿದು ಹೇಳಬೇಕು?

ಈ ಪ್ರಶ್ನೆ ನಮ್ಮ ಜಿಲ್ಲೆಯವರಿಗೆ ದೂರದ್ದಲ್ಲ. ಗೊರೂರಿನ ಹೇಮಾವತಿ ನೀರು ನಾಲೆ ಹಿಡಿದು ಚನ್ನರಾಯಪಟ್ಟಣದ ಕಡೆ ಹೋಗುತ್ತೆ, ಬಾಗೂರು–ನವಿಲೆ ಸುರಂಗದಲ್ಲಿ ತುಮಕೂರು ಜಿಲ್ಲೆಗೂ ಹರಿಯುತ್ತೆ. ನದಿಯಲ್ಲೇ ಉಳಿದ ನೀರು ಹೊಳೆನರಸೀಪುರ ದಾಟಿ ಕೆಳಗಿಳಿಯುತ್ತೆ. ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರ ಹಾದು ಬರುವ ಕಾವೇರಿಯೂ ಈ ಹೇಮಾವತಿಯೂ ಕೊನೆಗೆ ಸೇರೋದು ಕೃಷ್ಣರಾಜಸಾಗರಕ್ಕೆ. ನಾಲೆ, ಕಟ್ಟೆ, ಸೇತುವೆ, ಸುರಂಗ ಎಲ್ಲವನ್ನೂ ಯಾರೋ ಕಟ್ಟಿದ್ದಾರೆ, ಇನ್ಯಾರೋ ಸರ್ಕಾರದ ಪರವಾಗಿ ಸಹಿ ಹಾಕಿ ಒಪ್ಪಿಕೊಂಡಿದ್ದಾರೆ. ನಾಳೆ ಆ ಸಹಿ ಹಾಕುವವರು ನಮ್ಮಲ್ಲೇ ಕೆಲವರು.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಹುಡುಗರಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಅಸಿಸ್ಟೆಂಟ್ ಎಂಜಿನಿಯರ್ ಆಗಿ ಸೇರಿದರು. ಖಾನ್‌ದೇಶದಲ್ಲಿ ಪಾಂಝರಾ ನದಿಗೆ ಅಡ್ಡಲಾಗಿ ನೀರು ದಾಟಿಸುವ ಪೈಪ್ ಸೈಫನ್ ಅವರ ಮೊದಮೊದಲ ಕೆಲಸಗಳಲ್ಲೊಂದು. ಇಲಾಖೆಯ ಕೆಲಸ ಅಂದ್ರೆ ಅಂದಾಜು ಪಟ್ಟಿ, ನಕ್ಷೆ, ಟೆಂಡರು, ಅಳತೆ, ಬಿಲ್ಲು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಈ ಕಾಗದಗಳ ಮಧ್ಯೆಯೇ ಬೆಳೆದರು.

1890ರ ದಶಕದ ಮಧ್ಯದಲ್ಲಿ ಅವರನ್ನು ಸಿಂಧ್‌ನ ಸಕ್ಕರ್ ಊರಿಗೆ ಕಳಿಸಿದರು. ಊರಿಗೆ ಸಿಂಧೂ ನದಿಯ ನೀರು ಕೊಡಬೇಕಿತ್ತು, ಆದರೆ ನದಿ ನೀರು ಕೆಸರು. ಸೋಸುವ ತೊಟ್ಟಿ ಕಟ್ಟಿಸೋಣ ಅಂದರೆ ಪುರಸಭೆ ಹತ್ತಿರ ದುಡ್ಡಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ಇಳಿದು ಬಂದ ನೀರನ್ನೇ ಎತ್ತುವ ಹಾಗೆ ಮಾಡಿದರು. ಸೋಸುವ ಕೆಲಸ ನದಿಯ ಮರಳೇ ಮಾಡಿತು. ಇಲ್ಲಿ ನಮಗೊಂದು ಪಾಠ ಇದೆ. ಊರಿಗೆ ಬೇಕಾಗಿದ್ದದ್ದು ಫಿಲ್ಟರ್ ತೊಟ್ಟಿ ಅಲ್ಲ, ತಿಳಿ ನೀರು. ಒಪ್ಪಿಸಬೇಕಾದ ವಸ್ತು ಯಾವುದು ಅಂತ ಸರಿಯಾಗಿ ಗುರುತಿಸಿದರೆ ದಾರಿ ಬೇರೆಯೂ ಸಿಗುತ್ತೆ. ನಮ್ಮ ನಾಲೆಗಳಿಗೂ ಇದೇ ಮಾತು. ಇಷ್ಟು ಮೀಟರ್ ಲೈನಿಂಗ್ ಆಯ್ತು ಅಂತ ಅಳೆದು ಬಿಲ್ ಕೊಡೋದು ಒಂದು ಲೆಕ್ಕ, ನಾಲೆಯ ಕೊನೆ ಭಾಗದ ಗದ್ದೆಗೆ ಎಷ್ಟು ನೀರು ಬಂತು ಅಂತ ಅಳೆಯೋದು ಇನ್ನೊಂದು ಲೆಕ್ಕ. ಮೊದಲನೆಯದು ಸರಿಯಿದ್ದೂ ಎರಡನೆಯದು ಸೊನ್ನೆ ಆಗಬಹುದು.

ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರ ವೇಳೆಗೆ ಅವರ ಸ್ವಯಂಚಾಲಿತ ಗೇಟುಗಳು ಬಂದವು. ಕೋಡಿಯ ಮೇಲೆ ಗೇಟ್ ಇಟ್ಟು ಹೆಚ್ಚು ನೀರು ನಿಲ್ಲಿಸಬೇಕು, ಆದರೆ ಪ್ರವಾಹ ಬಂದರೆ ಕಟ್ಟೆಗೆ ಅಪಾಯ ಆಗಬಾರದು. ನೀರು ಗೊತ್ತುಪಡಿಸಿದ ಮಟ್ಟ ಮುಟ್ಟಿದ ಕೂಡಲೇ ಗೇಟ್ ತಾನಾಗೇ ತೆರೆದುಕೊಳ್ಳಬೇಕು, ಮಟ್ಟ ಇಳಿದಾಗ ತಾನಾಗೇ ಮುಚ್ಚಿಕೊಳ್ಳಬೇಕು. ಇಂಥ ಗೇಟನ್ನು ಒಪ್ಪಿಕೊಳ್ಳೋಕೆ ಯಾರ ಅಭಿಪ್ರಾಯವೂ ಬೇಡ. ಮಟ್ಟ ಎಷ್ಟು ಅಂತ ಬರೆದಿದೆ, ಅಲ್ಲಿಗೆ ನೀರು ಬಂದಾಗ ತೆರೆಯಿತೋ ಇಲ್ಲವೋ ಕಣ್ಣಿಗೆ ಕಾಣುತ್ತೆ. ಒಳ್ಳೆಯ ಒಪ್ಪಿಗೆ ಷರತ್ತು ಅಂದರೆ ಇದೇ: ಹೌದು ಅಥವಾ ಇಲ್ಲ, ಮಧ್ಯೆ ಜಾಗ ಇಲ್ಲ.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಊರೊಳಗೆ ನುಗ್ಗಿತು. ಸಾವಿರಾರು ಜನ ಸತ್ತರು. ಬೊಂಬಾಯಿ ಸರ್ಕಾರದ ಕೆಲಸ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ 1909ರಲ್ಲಿ ಕರೆಸಿತು. ಈಗ ಅವರು ಮೇಜಿನ ಇನ್ನೊಂದು ಬದಿಯಲ್ಲಿ. ಇಲಾಖೆಯ ಅಧಿಕಾರಿ ಅಲ್ಲ, ಹೊರಗಿನಿಂದ ಬಂದ ಸಲಹೆಗಾರ. ಅವರು ಒಪ್ಪಿಸಬೇಕಾಗಿದ್ದು ಗೋಡೆಯಲ್ಲ, ಯೋಜನೆಯ ಒಂದು ವರದಿ. ವರದಿ ಅಂದರೆ ಹಾಳೆ ತುಂಬಿಸೋದು ಅಂತ ನಾವು ಸೆಮಿನಾರ್ ಕಾಲದಲ್ಲಿ ಅಂದುಕೊಳ್ಳುತ್ತೀವಲ್ಲ, ಇದು ಹಾಗಿರೋಕೆ ಸಾಧ್ಯವಿರಲಿಲ್ಲ. ಮಳೆ ಎಷ್ಟು, ಜಲಾನಯನದ ವಿಸ್ತೀರ್ಣ ಎಷ್ಟು, ನದಿಯಲ್ಲಿ ಹರಿದ ನೀರು ಎಷ್ಟು, ಮತ್ತೆ ಅಂಥದ್ದೇ ಬಂದರೆ ಎಷ್ಟನ್ನು ಎಲ್ಲಿ ತಡೆಯಬೇಕು ಎಂಬುದಕ್ಕೆಲ್ಲ ಉತ್ತರ ಬೇಕಿತ್ತು. ಊರಿನ ಮೇಲ್ಗಡೆ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು ಜಲಾಶಯ ಅಂತ ಅವರು ಸೂಚಿಸಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಬರೆದವರು ಊರು ಬಿಟ್ಟು ಹೋದ ಮೇಲೂ ಬೇರೆಯವರು ಅದನ್ನು ಹಿಡಿದು ಕಟ್ಟಬಹುದು ಅನ್ನೋದೇ ಒಂದು ವರದಿಯ ಪರೀಕ್ಷೆ.

ಅದೇ 1909ರ ಕೊನೆಗೆ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ದಿವಾನರು. ಮೈಸೂರಿನಿಂದ ಕಾವೇರಿ, ಹೇಮಾವತಿ ದಾಟಿ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಹೋಗುವ ರೈಲು ದಾರಿ ಅವರ ದಿವಾನಗಿರಿಯ ಕಾಲದ್ದು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರದ್ದು.

ಕನ್ನಂಬಾಡಿಯಲ್ಲಿ ಕಲ್ಲನ್ನು ಕಟ್ಟಿದ್ದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ. ಸುಮಾರು 8,600 ಅಡಿ ಉದ್ದದ ಕಟ್ಟೆ. ಆದರೆ ನಮ್ಮ ಪ್ರಶ್ನೆಗೆ ಅಲ್ಲಿ ಹೆಚ್ಚು ಮುಖ್ಯವಾದದ್ದು ಗಾರೆಗಿಂತ ಕಾಗದ. ಮೈಸೂರಿಗೆ ಮೊದಲು ಒಪ್ಪಿಗೆ ಸಿಕ್ಕಿದ್ದು 80 ಅಡಿಯ ಮೊದಲ ಹಂತಕ್ಕೆ ಮಾತ್ರ. ಮೈಸೂರಿನವರು ಬುನಾದಿಯನ್ನು 124 ಅಡಿಯ ಪೂರ್ಣ ಕಟ್ಟೆಗೆ ತಕ್ಕಷ್ಟು ಅಗಲವಾಗಿಯೇ ಹಾಕಿದರು. ಒಪ್ಪಿಕೊಂಡದ್ದು ಒಂದು, ಕಟ್ಟುತ್ತಿರೋದು ಇನ್ನೊಂದು ಅಂತ ಮದ್ರಾಸ್ ಸರ್ಕಾರ ತಕರಾರು ಎತ್ತಿತು. ಎಂಜಿನಿಯರಿಂಗ್ ಕಣ್ಣಿನಲ್ಲಿ ಮೈಸೂರಿನ ನಡೆ ಸರಿ, ಆಮೇಲೆ ಬುನಾದಿ ಅಗಲ ಮಾಡೋಕೆ ಆಗಲ್ಲ. ಆದರೆ ಕಾಗದದ ಕಣ್ಣಿನಲ್ಲಿ ಮದ್ರಾಸಿನ ಪ್ರಶ್ನೆಗೂ ಆಧಾರ ಇತ್ತು. ಸರ್ ಎಂ.ವಿ. ಅವರ ಅಭಿಮಾನಿಗಳಾದ ನಾವು ಇದನ್ನು ಮುಚ್ಚಿಡಬೇಕಿಲ್ಲ. 1914ರಲ್ಲಿ ಮಧ್ಯಸ್ಥಗಾರ ಗ್ರಿಫಿನ್ ಅವರ ತೀರ್ಪು ಬಂತು, ಮದ್ರಾಸ್ ಅದನ್ನು ಒಪ್ಪಲಿಲ್ಲ, ಜಗಳ ಮುಗಿದದ್ದು 1924ರ ಒಪ್ಪಂದದಲ್ಲಿ.

ಆ ಒಪ್ಪಂದದ ಅನುಬಂಧವನ್ನು ಸಿವಿಲ್ ಓದುವವರು ಒಮ್ಮೆ ನೋಡಲೇಬೇಕು. ಕೆಳಗಿನವರಿಗೆ ಸಾಕಷ್ಟು ನೀರು ಬಿಡತಕ್ಕದ್ದು ಅಂತ ಅಲ್ಲಿ ತೇಲಿಸಿ ಬರೆದಿಲ್ಲ. ಮೇಲಣೆಯ ಯಾವ ದಂಡೆಯ ಗೇಜಿನಲ್ಲಿ, ಯಾವ ತಿಂಗಳು, ಎಷ್ಟು ಅಡಿ ತೋರಿಸಿದ ಮೇಲೆ ಕೃಷ್ಣರಾಜಸಾಗರದಲ್ಲಿ ನೀರು ನಿಲ್ಲಿಸಬಹುದು ಅಂತ ಪಟ್ಟಿ ಇದೆ. ಅಂದರೆ ಅಳೆಯುವ ಜಾಗ, ಅಳೆಯುವ ಕೋಲು, ಅಳೆಯುವ ಕಾಲ ಮೂರೂ ಗೊತ್ತು. ಅಷ್ಟಿದ್ದೂ ಒಪ್ಪಂದದ ಬೇರೆ ಸಾಲುಗಳ ಅರ್ಥ ಏನು ಅಂತ ಮುಂದೆ ಹೇಮಾವತಿ, ಹಾರಂಗಿ, ಕಬಿನಿ ಕಟ್ಟುವಾಗಲೂ ವಾದ ನಡೆಯಿತು. ಸಂಖ್ಯೆ ಇದ್ದ ಕಡೆ ವಾದ ಸಂಖ್ಯೆಯ ಮೇಲೆ ನಡೆಯುತ್ತೆ. ಬರೀ ಮಾತಿದ್ದ ಕಡೆ ಅರ್ಥದ ಮೇಲೆ ನಡೆಯುತ್ತೆ, ಅದು ಬೇಗ ಮುಗಿಯಲ್ಲ.

1918ರ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ ಮಹಾರಾಜರ ನಿಲುವಿಗೂ ಅವರ ನಿಲುವಿಗೂ ಹೊಂದಾಣಿಕೆ ಆಗಲಿಲ್ಲ. ಆ ವಿಷಯದಲ್ಲಿ ಅವರ ಅಭಿಪ್ರಾಯವನ್ನು ಇವತ್ತು ನಮ್ಮಲ್ಲಿ ಅನೇಕರು ಒಪ್ಪಲ್ಲ, ಒಪ್ಪಬೇಕಿಲ್ಲ ಕೂಡ. ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಸಿಕ್ಕಿಕೊಂಡಾಗ 1923ರಿಂದ 1929ರವರೆಗೆ ಅದರ ಅಧ್ಯಕ್ಷರಾಗಿ ಸರಿದಾರಿಗೆ ತಂದರು.

ಆ ನಡುವೆ 1926ರಲ್ಲಿ ಬಂದದ್ದು ಬೊಂಬಾಯಿಯ ಬ್ಯಾಕ್ ಬೇ ವಿಚಾರಣಾ ಸಮಿತಿ. ಶಾಲೆಯ ಪಾಠದಲ್ಲಿ ಇದು ಬರಲ್ಲ, ಆದರೆ ನಮ್ಮ ಪ್ರಶ್ನೆಗೆ ನೇರವಾದ ಉದಾಹರಣೆ ಇದೇ. ಕೊಲಾಬಾದಿಂದ ಆಚೆ ಕಡಲನ್ನು ಹೂಳಿ 1,100 ಎಕರೆಗೂ ಹೆಚ್ಚು ನೆಲ ಮಾಡುವ ಯೋಜನೆ. ಸಮುದ್ರಕ್ಕೆ ಗೋಡೆ ಕಟ್ಟಿ, ಹಡಗಿನಂಥ ಡ್ರೆಡ್ಜರ್ ಯಂತ್ರದಿಂದ ತಳದ ಮಣ್ಣು ತೆಗೆದು ಗೋಡೆಯೊಳಗೆ ತುಂಬಿಸೋದು. ಡ್ರೆಡ್ಜರ್ ಲೆಕ್ಕ ಹಾಕಿದಷ್ಟು ಮಣ್ಣು ಎತ್ತಲಿಲ್ಲ. ತುಂಬಿಸಿದ ಕೆಸರು ಗೋಡೆಯ ಸಂದಿಯಿಂದ ಮತ್ತೆ ಕಡಲಿಗೇ ಸೋರಿತು. ಖರ್ಚು ಮೊದಲ ಅಂದಾಜನ್ನು ಎಲ್ಲೋ ದಾಟಿತು. ವಕೀಲ ಕೆ.ಎಫ್. ನರಿಮನ್ ಇದನ್ನು ಬಯಲಿಗೆಳೆದರು, ಕೋರ್ಟಿನಲ್ಲಿ ಮಾನನಷ್ಟದ ಕೇಸನ್ನೂ ಎದುರಿಸಿ ಗೆದ್ದರು. ಸರ್ ಗ್ರಿಮ್‌ವುಡ್ ಮೇರ್ಸ್ ಅಧ್ಯಕ್ಷತೆಯ ವಿಚಾರಣಾ ಸಮಿತಿಯಲ್ಲಿ ವಿಶ್ವೇಶ್ವರಯ್ಯನವರು ಸದಸ್ಯರು. ಕೊನೆಗೆ ಎಂಟು ಭಾಗಗಳ ಯೋಜನೆ ನಾಲ್ಕಕ್ಕೆ ಇಳಿಯಿತು. ಇವತ್ತಿನ ಮರೀನ್ ಡ್ರೈವ್ ನಿಂತಿರೋದು ಅದರದೇ ನೆಲದ ಮೇಲೆ.

ಬ್ಯಾಕ್ ಬೇಯನ್ನು ನಮ್ಮ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಮೂರು ವಿಷಯ ಕಾಣುತ್ತವೆ. ತಳದ ಮಣ್ಣು ಎಂಥದ್ದು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳದೆ ಯಂತ್ರದ ಲೆಕ್ಕ ಹಾಕಿದರೆ ಆ ಲೆಕ್ಕಕ್ಕೆ ಬೆಲೆ ಇಲ್ಲ. ಯಂತ್ರ ಗಂಟೆಗೆ ಎಷ್ಟು ಎತ್ತಿತು ಅನ್ನೋದನ್ನ ಅಳೆಯುವವರು, ಆ ಅಳತೆಯಿಂದ ಲಾಭ ಪಡೆಯುವವರು ಒಬ್ಬರೇ ಆಗಬಾರದು. ಮೂರನೆಯದು, ಎತ್ತಿದ ಮಣ್ಣನ್ನಷ್ಟೇ ಅಳೆದರೆ ಸಾಲದು, ಗೋಡೆಯೊಳಗೆ ಉಳಿದ ಮಣ್ಣನ್ನೂ ಅಳೆಯಬೇಕು. ಸರ್ಕಾರಕ್ಕೆ ಬೇಕಾಗಿದ್ದು ನೆಲ ತಾನೆ?

ಇದನ್ನೆಲ್ಲ ನಮ್ಮ ಕಾಲಕ್ಕೆ ತಂದುಕೊಳ್ಳೋಣ. ಉತ್ತಮ ಗುಣಮಟ್ಟದ ಕಾಂಕ್ರೀಟ್ ಹಾಕತಕ್ಕದ್ದು ಅಂತ ಕರಾರಿನಲ್ಲಿ ಬರೆದರೆ ಅದು ಯಾರನ್ನೂ ಕಟ್ಟಿಹಾಕಲ್ಲ. ಎಂ20 ಕಾಂಕ್ರೀಟ್, 150 ಮಿಲಿಮೀಟರಿನ ಕ್ಯೂಬ್, 28 ದಿನದ ಟೆಸ್ಟ್, ಯಾರ ಎದುರಿಗೆ ಸ್ಯಾಂಪಲ್ ತೆಗೆಯಬೇಕು, ಯಾವ ಲ್ಯಾಬ್, ಫೇಲ್ ಆದರೆ ಆ ಭಾಗ ಒಡೆಯಬೇಕೋ ದರ ಕಡಿಮೆ ಮಾಡಬೇಕೋ: ಇಷ್ಟು ಬರೆದರೆ ಅದು ಷರತ್ತು. ಕಾಮಗಾರಿ ಮುಗಿದ ಮೇಲೆ ಕಂಟ್ರಾಕ್ಟರ್ ಕೊಡಬೇಕಾದ ಕಾಗದಗಳೂ ಹೀಗೇ. ಕಟ್ಟಿದ್ದು ಹೇಗಿದೆಯೋ ಹಾಗೇ ತೋರಿಸುವ ನಕ್ಷೆ, ಟೆಸ್ಟ್ ವರದಿಗಳು, ಪಂಪು ಗೇಟುಗಳನ್ನು ನಡೆಸುವ ಕೈಪಿಡಿ, ಇವುಗಳಲ್ಲಿ ಏನೇನು ಇರಬೇಕು ಅಂತ ಮೊದಲೇ ಪಟ್ಟಿ ಇಲ್ಲದಿದ್ದರೆ ಬರೋದು ಬೈಂಡ್ ಮಾಡಿಸಿದ ಖಾಲಿ ಮಾತು. ಹತ್ತು ವರ್ಷ ಆದ ಮೇಲೆ ಪೈಪ್ ಒಡೆದಾಗ ಅದು ಎಲ್ಲಿ ಹೋಗಿದೆ ಅಂತ ಊರೆಲ್ಲ ಅಗೆಯಬೇಕಾಗುತ್ತೆ.

ಷರತ್ತು ಬಿಗಿಯಾದರೆ ಕಂಟ್ರಾಕ್ಟರಿಗೆ ಕಷ್ಟ ಅಂತ ಕೆಲವರು ಹೇಳ್ತಾರೆ. ನಿಜ ನೋಡಿದರೆ ಉಲ್ಟಾ. ಷರತ್ತು ತೇಲಿಸಿ ಬರೆದ ಕಡೆ ಪ್ರಾಮಾಣಿಕ ಕಂಟ್ರಾಕ್ಟರ್ ಸಾಹೇಬರ ಮರ್ಜಿ ಕಾಯಬೇಕು. ಬಿಲ್ ಪಾಸ್ ಆಗೋದು ಅಳತೆಯಿಂದ ಅಲ್ಲ, ಮನಸ್ಸಿನಿಂದ. ಪರ್ಸೆಂಟೇಜ್ ಮಾತು ಹುಟ್ಟೋಕೆ ಅಲ್ಲೇ ಜಾಗ ಸಿಗುತ್ತೆ. ಅಳತೆ ಬರೆದಿದ್ದರೆ ಒಳ್ಳೆ ಕೆಲಸ ಮಾಡಿದವನು ಹಕ್ಕಿನಿಂದ ದುಡ್ಡು ಕೇಳಬಹುದು. ಕರ್ನಾಟಕದಲ್ಲಿ ಸರ್ಕಾರಿ ಖರೀದಿಯ ಪಾರದರ್ಶಕತೆಗೆ ಅಂತ 1999ರ ಕಾಯ್ದೆಯೇ ಇದೆ. ಆದರೆ ಟೆಂಡರ್ ಎಷ್ಟೇ ಪಾರದರ್ಶಕ ಇರಲಿ, ಒಳಗಿನ ಸ್ಪೆಸಿಫಿಕೇಶನ್ ಬರೆಯೋದು, ಅಳತೆ ಪುಸ್ತಕದಲ್ಲಿ ಸಹಿ ಹಾಕೋದು ಒಬ್ಬ ಎಂಜಿನಿಯರ್.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತ ರತ್ನ ಬಂತು. ನೂರು ತುಂಬಿಸಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಗೊರೂರಿನ ಅಣೆಕಟ್ಟು ಮುಗಿದದ್ದು ಅದಾದ ಹದಿನೇಳು ವರ್ಷಕ್ಕೆ. ಮಳೆಗಾಲದಲ್ಲಿ ಪೇಪರ್ ತೆಗೆದರೆ ಜಲಾಶಯಗಳ ಪಟ್ಟಿ ಇರುತ್ತೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಹೇಮಾವತಿ 2922 ಅಡಿ, ಪಕ್ಕದಲ್ಲಿ ಇವತ್ತಿನ ಮಟ್ಟ. ನಮ್ಮ ಮನೆಯಲ್ಲಿ ಓದು ಬಾರದ ಅಜ್ಜಂದಿರೂ ಆ ಎರಡು ಅಂಕಿ ಕೇಳಿ ಈ ವರ್ಷ ಭತ್ತ ಹಾಕಬೇಕೋ ಬೇಡವೋ ಅಂತ ತೀರ್ಮಾನ ಮಾಡ್ತಾರೆ.