ಬರಿಗಾಲಲ್ಲಿ ಒಲಿಂಪಿಕ್ಸ್ ಆಡಿದ ಬೆಂಗಳೂರಿನ ಅಹ್ಮದ್ ಖಾನ್

1952ರ ಜುಲೈ 15. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ಫುಟ್ಬಾಲ್‌ನ ಪ್ರಾಥಮಿಕ ಸುತ್ತಿನ ಪಂದ್ಯ. ಎದುರಾಳಿ ಯುಗೊಸ್ಲಾವಿಯಾ. ವಿರಾಮದ ವೇಳೆಗಾಗಲೇ ಐದು ಗೋಲುಗಳನ್ನು ಬಿಟ್ಟುಕೊಟ್ಟಿದ್ದ ಭಾರತ, ಪಂದ್ಯ ಮುಗಿಯುವ ಹೊತ್ತಿಗೆ ಹತ್ತು ಗೋಲುಗಳನ್ನು ಕಂಡಿತ್ತು. ಸೋಲು ಎಂದೋ ನಿಶ್ಚಯವಾಗಿತ್ತು. ಆದರೆ 89ನೇ ನಿಮಿಷದಲ್ಲಿ ಭಾರತದ ಹೆಸರಿಗೂ ಒಂದು ಗೋಲು ಸೇರಿತು. ಅದನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ದೇಶದ ಫುಟ್ಬಾಲ್ ಇತಿಹಾಸದ ಅತ್ಯಂತ ಕಹಿ ದಿನಗಳಲ್ಲೊಂದಾದ ಅಂದು ತಂಡ ಮನೆಗೆ ತಂದದ್ದು ಅದೊಂದನ್ನೇ.

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು. ಅಂದಿನ ಬೆಂಗಳೂರು ಎರಡು ಊರುಗಳಂತಿತ್ತು. ಒಂದು ಮೈಸೂರು ಅರಸರ ಆಡಳಿತದ ಪೇಟೆ, ಇನ್ನೊಂದು ಬ್ರಿಟಿಷರ ದಂಡು ಪ್ರದೇಶ. ಫುಟ್ಬಾಲ್ ಬೇರು ಬಿಟ್ಟದ್ದು ದಂಡಿನಲ್ಲಿ. ಗೋರಾ ಸಿಪಾಯಿಗಳು ಬೂಟು ತೊಟ್ಟು ಆಡುತ್ತಿದ್ದುದನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿದ ಹುಡುಗರು, ಬೂಟು ಕೊಳ್ಳುವ ಶಕ್ತಿಯಿಲ್ಲದೆ ಬರಿಗಾಲಲ್ಲೇ ಆಟ ಕಲಿತರು. ಅಹ್ಮದ್ ಅವರ ಮನೆಯಲ್ಲಂತೂ ಚೆಂಡು ಮನೆಮಂದಿಯಲ್ಲಿ ಒಬ್ಬನಂತೆಯೇ ಇತ್ತು. ತಂದೆ ಆಟಗಾರರು, ಸಹೋದರರೂ ಆಟಗಾರರು. ಬೆಂಗಳೂರು ಕ್ರೆಸೆಂಟ್ ತಂಡದಲ್ಲಿ ಪಳಗಿದ ಅಹ್ಮದ್, ಮುಂದೆ ಬೆಂಗಳೂರು ಮುಸ್ಲಿಮ್ಸ್ ತಂಡ ಸೇರಿದರು.

ಈ ಬೆಂಗಳೂರು ಮುಸ್ಲಿಮ್ಸ್ ಸಾಮಾನ್ಯ ತಂಡವಾಗಿರಲಿಲ್ಲ. ಬ್ರಿಟಿಷ್ ಸೇನಾ ತುಕಡಿಗಳ ಸೊತ್ತಿನಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡವದು. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. ರಾಷ್ಟ್ರೀಯ ಮಟ್ಟದಲ್ಲಿ ಮೈಸೂರು ತಂಡ 1946-47ರಲ್ಲಿ ಬಲಾಢ್ಯ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ಎತ್ತಿತು. ಇಂದಿನ ಯಲಹಂಕ, ಹೆಬ್ಬಾಳದ ಮಕ್ಕಳು ಗಂಟೆಗಿಷ್ಟು ಎಂದು ಬಾಡಿಗೆ ತೆತ್ತು ಕೃತಕ ಹುಲ್ಲಿನ ಮೇಲೆ ಆಡುವಾಗ, ಈ ಊರು ಒಂದು ಕಾಲಕ್ಕೆ ಕೋಲ್ಕತ್ತದ ಎದೆ ನಡುಗಿಸಿತ್ತು ಎಂಬುದನ್ನು ಹೇಳುವವರು ಕಡಿಮೆ.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೊರಟ ಸ್ವತಂತ್ರ ಭಾರತದ ಮೊದಲ ತಂಡದಲ್ಲಿ ಅಹ್ಮದ್ ಸ್ಥಾನ ಪಡೆದರು. ಗೋಲ್‌ಕೀಪರ್ ವರದರಾಜ್, ಮುನ್ಪಡೆಯ ಸಾರಂಗಪಾಣಿ ರಾಮನ್ ಕೂಡ ಮೈಸೂರು ರಾಜ್ಯದವರೇ. ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ಭಾರತೀಯರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು, 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಕೈಗೆ ಬಂದ ಎರಡು ಪೆನಾಲ್ಟಿಗಳನ್ನು ಭಾರತ ಹಾಳುಮಾಡಿಕೊಂಡಿತು. ಕೊನೆಯ ಗಳಿಗೆಯಲ್ಲಿ ಫ್ರೆಂಚರು ಇನ್ನೊಂದು ಗೋಲು ಹೊಡೆದು 2-1ರಿಂದ ಪಾರಾದರು. ಸೋತರೂ ಇಂಗ್ಲಿಷ್ ಪ್ರೇಕ್ಷಕರು ಬರಿಗಾಲಿನವರ ಆಟಕ್ಕೆ ಮಾರುಹೋದರು. ಚೆಂಡು ಪಾದಕ್ಕೆ ಅಂಟಿಕೊಂಡಂತೆ ಎದುರಾಳಿಗಳ ನಡುವೆ ಬಳುಕಿ ಸಾಗುತ್ತಿದ್ದ ಅಹ್ಮದ್ ಅವರಿಗೆ ಹಾವಾಡಿಗ ಎಂಬ ಅಡ್ಡಹೆಸರು ಅಂಟಿತು. ಪ್ರವಾಸದ ಮುಂದಿನ ಹಂತದಲ್ಲಿ ಇದೇ ತಂಡ ನೆದರ್ಲೆಂಡ್ಸ್‌ನ ಅಯಾಕ್ಸ್ ಕ್ಲಬ್ಬನ್ನು 5-1ರಿಂದ ಸೋಲಿಸಿತು.

ಅಷ್ಟರಲ್ಲಿ ಕೋಲ್ಕತ್ತದ ಕಣ್ಣು ಬೆಂಗಳೂರಿನ ಮೇಲೆ ಬಿದ್ದಿತ್ತು. 1949ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ ಅಹ್ಮದ್ ಅವರನ್ನು ಸೇರಿಸಿಕೊಂಡಿತು. ದೇಶವಿಭಜನೆಯಿಂದ ಮನೆ ಮಠ ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದಿದ್ದ ಸಾವಿರಾರು ನಿರಾಶ್ರಿತರಿಗೆ ಆ ಕ್ಲಬ್ಬಿನ ಗೆಲುವೇ ಅಂದಿನ ಸಮಾಧಾನ. ಅದನ್ನು ತಂದುಕೊಟ್ಟವರು ದಕ್ಷಿಣದ ಐವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್ ಮತ್ತು ಸಾಲೆ. ಬಂಗಾಳಿಗಳು ಇವರನ್ನು ಪಂಚಪಾಂಡವರೆಂದು ಕರೆದರು. ಒಬ್ಬರಿಗೂ ಬಂಗಾಳಿ ಮನೆಮಾತಲ್ಲ, ಆದರೂ ಆ ಹೆಸರು ಉಳಿದುಕೊಂಡಿತು. ಬಲ ಅಂಚಿನಲ್ಲಿ ವೆಂಕಟೇಶ್, ಎಡ ಅಂಚಿನಲ್ಲಿ ಸಾಲೆ, ನಡುವೆ ಧನರಾಜ್. ಒಳ ಎಡ ಸ್ಥಾನದಲ್ಲಿದ್ದ ಅಹ್ಮದ್ ಗೋಲಿಗಿಂತ ಗೋಲಿನ ದಾರಿಯನ್ನು ಕಟ್ಟಿಕೊಡುವವರು. ಎದುರಾಳಿಗಳನ್ನು ತಮ್ಮತ್ತ ಸೆಳೆದು, ತೆರವಾದ ಜಾಗಕ್ಕೆ ಚೆಂಡನ್ನು ತಳ್ಳುವುದು ಅವರ ರೀತಿ. ಗೋಲಿನ ಲೆಕ್ಕದಿಂದಷ್ಟೇ ಇಂಥವರ ಬೆಲೆ ಕಟ್ಟಲಾಗದು.

1949ರಲ್ಲಿ ಕಲ್ಕತ್ತಾ ಲೀಗ್, ಐಎಫ್ಎ ಶೀಲ್ಡ್ ಹಾಗೂ ರೋವರ್ಸ್ ಕಪ್ ಮೂರೂ ಈಸ್ಟ್ ಬೆಂಗಾಲ್‌ಗೆ ದಕ್ಕಿದವು. ಶೀಲ್ಡ್ 1951ರವರೆಗೆ ಸತತ ಮೂರು ವರ್ಷ ಅಲ್ಲಿಂದ ಕದಲಲಿಲ್ಲ. 1951 ಮತ್ತು 1952ರಲ್ಲಿ ಡುರಾಂಡ್ ಕಪ್ ಕೂಡ ಬಂತು.

1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ. ತರಬೇತುದಾರ ರಹೀಮ್ ಅವರ ಗರಡಿಯಲ್ಲಿ ಸಜ್ಜಾದ ಭಾರತ, ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನನ್ನು ಸೋಲಿಸಿ ಚಿನ್ನ ಗೆದ್ದಿತು. ಆ ಚಿನ್ನದ ತಂಡದಲ್ಲೂ ಅಹ್ಮದ್ ಇದ್ದರು.

ಮರುವರ್ಷವೇ ಹೆಲ್ಸಿಂಕಿ. ದೆಹಲಿಯ ಬಿಸಿಲಿನ ಒಣನೆಲದಲ್ಲಿ ಹಿಡಿತ ಕೊಡುತ್ತಿದ್ದ ಬರಿಗಾಲು ಉತ್ತರ ಯೂರೋಪಿನ ಚಳಿಯಲ್ಲಿ ಸೋತಿತು. ಎದುರಾಳಿಗಳೂ ಅಂತಿಂಥವರಲ್ಲ, ಅದೇ ಕೂಟದಲ್ಲಿ ಬೆಳ್ಳಿ ಗೆದ್ದವರು. ಆದರೂ 10-1 ಎಂಬ ಅಂಕಿ ದೇಶದಲ್ಲಿ ಕೋಲಾಹಲವೆಬ್ಬಿಸಿತು. ಅದರ ಬೆನ್ನಿಗೇ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಬೂಟಿಲ್ಲದ ಕಾರಣಕ್ಕೇ ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲ ಎಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ. ಆ ಕೂಟದ ಬೆಲೆಯನ್ನು ಅಂದಿನ ಆಡಳಿತಗಾರರು ಅರಿಯದೇ ಹೋದದ್ದು ಅದಕ್ಕಿಂತ ದೊಡ್ಡ ಕಾರಣ. ಅಹ್ಮದ್ ಅವರಂಥ ಆಟಗಾರನಿಗೆ ವಿಶ್ವಕಪ್ ಕೈತಪ್ಪಿದ್ದು ಮೈದಾನದಲ್ಲಿ ಅಲ್ಲ, ಕಚೇರಿಯ ಮೇಜಿನ ಮೇಲೆ.

ಬಾಲ್ಯದಿಂದ ಬೆರಳುಗಳಿಂದಲೇ ಚೆಂಡನ್ನು ಅಳೆದವನಿಗೆ ಇಪ್ಪತ್ತೈದರ ಪ್ರಾಯ ದಾಟಿದ ಮೇಲೆ ಬೂಟಿಗೆ ಒಗ್ಗುವುದು ಸುಲಭವಲ್ಲ. ಅಹ್ಮದ್ ಒಗ್ಗಿದರು. ಜೊತೆಗಾರ ಪಾಂಡವರು ಒಬ್ಬೊಬ್ಬರಾಗಿ ತೆರೆಮರೆಗೆ ಸರಿದರೂ ಅವರು ದಶಕದ ಕೊನೆಯವರೆಗೆ ಅದೇ ಕ್ಲಬ್ಬಿಗೆ ಆಡಿದರು. 1956ರಲ್ಲಿ ಈಸ್ಟ್ ಬೆಂಗಾಲ್ ಮತ್ತೆ ಡುರಾಂಡ್ ಗೆದ್ದಿತು. 1959ರಲ್ಲಿ ಅವರ ಕೋಲ್ಕತ್ತ ಅಧ್ಯಾಯ ಮುಗಿಯಿತು.

ಹುಟ್ಟೂರಿನಲ್ಲಿ ಅವರ ಉಳಿದ ಬದುಕು ಸದ್ದಿಲ್ಲದೆ ಸಾಗಿತು. ಕ್ರಿಕೆಟ್ಟಿನ ಅಬ್ಬರದಲ್ಲಿ ಬೆಂಗಳೂರು ತನ್ನ ಫುಟ್ಬಾಲ್ ತಲೆಮಾರನ್ನು ಮರೆಯುತ್ತ ಬಂದರೆ, ಬಂಗಾಳ ಮರೆಯಲಿಲ್ಲ. ಈಸ್ಟ್ ಬೆಂಗಾಲ್ ಕ್ಲಬ್ ತನ್ನ ಭಾರತ ಗೌರವ ಪ್ರಶಸ್ತಿಯನ್ನು ಅವರಿಗೆ ನೀಡಿತು. 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ಅವರು ನಿಧನರಾದಾಗ ತೊಂಬತ್ತು ವರ್ಷ.

1968-69ರ ನಂತರ ರಾಜ್ಯಕ್ಕೆ ಒಲಿಯದೇ ಇದ್ದ ಸಂತೋಷ್ ಟ್ರೋಫಿ 2023ರ ಮಾರ್ಚ್‌ನಲ್ಲಿ ಮತ್ತೆ ಕರ್ನಾಟಕದ ಪಾಲಾಯಿತು. ಅದನ್ನು ನೋಡಲು ಅಹ್ಮದ್ ಖಾನ್ ಇರಲಿಲ್ಲ.